ಹೆಡ್ ಗ್ಯಾಸ್ಕೆಟ್ ಎಂಬ ಬ್ರಹ್ಮರಾಕ್ಷಸ



ಕಾರ್ತಿಕ ಮಾಸದಿಂದೀಚೆಗೆ ಇಲ್ಲಿ ಏನನ್ನೂ ಬರೆಯಲಾಗಲಿಲ್ಲ. ಮೇಷ್ಟ್ರ ಆರೋಗ್ಯ ಕೆಟ್ಟಿತೇ ಎಂದು ನಿಮ್ಮಲ್ಲಿ ಕೆಲವರು ದೂರವಾಣಿ ಮಾಡಿ ವಿಚಾರಿಸಿದಿರಿ. ನಾನು ಚೆನ್ನಾಗಿದ್ದೇನೆ. ಕೆಟ್ಟದ್ದು ಕಾರು. 1999ರಲ್ಲಿ ಸಾಲ ಮಾಡಿ ಕೊಂಡ ಆ ಮೂರು ಸಿಲಿಂಡರಿನ ಬಿಳಿಯ ಕಾರನ್ನು ನೀವೆಲ್ಲ ಬಲ್ಲಿರಿ. ಶಾಲೆಯ ಮೈದಾನದಲ್ಲಿ ಅದನ್ನು ತಳ್ಳಿದವರೂ ನಿಮ್ಮಲ್ಲಿದ್ದೀರಿ. ಕಂಪನಿಯ ಹೆಸರು ಇಲ್ಲಿ ಬೇಡ, ಏಕೆಂದರೆ ತಪ್ಪು ಅದರದಲ್ಲ. ತಪ್ಪು ಯಾರದೆಂದು ಹೇಳುವುದಕ್ಕಾಗಿಯೇ ಈ ಬರಹ. ತುಸು ಕಟುವಾಗಿಯೇ ಇರುತ್ತದೆ. ಗ್ಯಾರೇಜು ನಡೆಸುತ್ತಿರುವ ಶಿಷ್ಯರು ಮುನಿಸಿಕೊಳ್ಳದೆ ಕೊನೆಯವರೆಗೆ ಓದಬೇಕೆಂದು ವಿನಂತಿ.

ಸಂಗತಿ ಇಷ್ಟು. ಎಂಜಿನ್ನನ್ನು ತಂಪಾಗಿಡುವ ನೀರು ಕಡಮೆಯಾಗುತ್ತಿತ್ತು. ಎಲ್ಲಿಗೆ ಹೋಗುತ್ತದೆಂದು ಯಾರಿಗೂ ಕಾಣುತ್ತಿರಲಿಲ್ಲ. ಕಾರು ನಿಲ್ಲಿಸಿದ ಕಡೆ ನೆಲದ ಮೇಲೆ ಒಂದು ಹನಿಯೂ ಇಲ್ಲ. ಹೊಗೆಯಲ್ಲಿ ವ್ಯತ್ಯಾಸವಿಲ್ಲ. ನನ್ನ ಕಾರಿಗೆ ಹೀಟರು ಇಲ್ಲವಾದ್ದರಿಂದ ಅದು ಒಡೆದು ಒಳಗೆ ಕಾಲಡಿಯಲ್ಲಿ ತೇವವಾಗುವ ಪ್ರಶ್ನೆಯೂ ಇಲ್ಲ. ಬಾನೆಟ್ಟಿನ ಕೆಳಗಿರುವ ಬಿಳಿಯ ಪ್ಲಾಸ್ಟಿಕ್ ಬಾಟಲಿಯಲ್ಲಿ ಮೇಲಿನ ಗೆರೆಯವರೆಗೂ ನೀರು ತುಂಬಿರುತ್ತಿತ್ತು. ಆದರೂ ಹತ್ತು ಹದಿನೈದು ದಿನಗಳಿಗೊಮ್ಮೆ ಉಷ್ಣತೆಯ ಮುಳ್ಳು ಏರಿಬಿಡುತ್ತಿತ್ತು.

ಇದು ವಿನೋದವಾಗಿ ಉಳಿಯಲಿಲ್ಲ. ತಿಂಗಳಿಗೆ ಎರಡು ಬಾರಿ ನನ್ನ ಪತ್ನಿಯನ್ನು ಹೃದಯದ ತಪಾಸಣೆಗಾಗಿ ಕೋಲಾರಕ್ಕೆ ಕರೆದೊಯ್ಯಬೇಕು. ಮಾರ್ಗಶಿರದ ಒಂದು ಮಧ್ಯಾಹ್ನ, ಚಿಂತಾಮಣಿ ದಾಟಿದ ಮೇಲೆ, ಮುಳ್ಳು ಕೆಂಪು ಗೆರೆಯನ್ನು ಮುಟ್ಟಿತು. ಒಂದು ಹುಣಸೆಮರದ ಕೆಳಗೆ ಒಂದೂವರೆ ಗಂಟೆ ಕುಳಿತೆವು. ಆಕೆ ಏನೂ ಹೇಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಮಾತ್ರೆಯ ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡಿದ್ದಳು. ಟೊಮೆಟೊ ಲಾರಿಯ ಚಾಲಕನೊಬ್ಬ ನಿಲ್ಲಿಸಿ ಐದು ಲೀಟರಿನ ಡಬ್ಬದ ನೀರು ಕೊಟ್ಟು, "ಹಾಕ್ಕೊಂಡು ಓಡಿಸ್ತಾ ಇರಿ ಸಾರ್, ಹಳೇ ಗಾಡಿ" ಎಂದು ಹೇಳಿ ಹೋದ. ಅವನ ಉಪಕಾರವನ್ನು ಮರೆಯಲಾರೆ. ಅವನ ಉಪದೇಶವನ್ನು ಮಾತ್ರ ಒಪ್ಪಲಾರೆ. ಅದೇ ಉಪದೇಶವನ್ನು ನಾನೂ ಇಪ್ಪತ್ತೈದು ವರ್ಷ ಪಾಲಿಸಿದ್ದೆನೆಂಬುದನ್ನು ಮುಂದೆ ಹೇಳುತ್ತೇನೆ.

ಬಂಧುಗಳ ಸಲಹೆಗಳನ್ನು ಮೊದಲು ಮುಗಿಸಿಬಿಡೋಣ. ಮದನಪಲ್ಲಿಯ ಕಡೆಯ ನಮ್ಮ ಹಿರಿಯರೊಬ್ಬರು ರೇಡಿಯೇಟರಿಗೆ ಎರಡು ಚಮಚ ಅರಿಶಿನ ಹಾಕಲು ಹೇಳಿದರು. ಲಾರಿಯವರು ಬಹುಕಾಲದಿಂದ ಮಾಡುತ್ತ ಬಂದಿರುವ ಉಪಾಯವಂತೆ. ವಿಜ್ಞಾನ ಬೋಧಿಸಿದ ನಾನು, ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ, ಹಾಕಿದೆ. ಪುಡಿ ಊದಿ ಸಣ್ಣ ರಂಧ್ರವನ್ನು ಮುಚ್ಚುವುದು ನಿಜ; ಆದರೆ ಅದಕ್ಕೆ ಸೋರುವ ರಂಧ್ರ ಯಾವುದು, ನೀರು ಹರಿಯಬೇಕಾದ ಕೊಳವೆ ಯಾವುದು ಎಂಬ ವಿವೇಕವಿಲ್ಲ. ಅಂಗಡಿಯಲ್ಲಿ ದೊರೆಯುವ ಸೋರಿಕೆ ನಿಲ್ಲಿಸುವ ಪುಡಿಗಳ ಗುಣವೂ ಇದೇ. ಇನ್ನೊಬ್ಬರು ಮದುವೆಯ ಪಂಕ್ತಿಯಲ್ಲಿ, "ಇನ್ನೂ ಅದನ್ನೇ ಇಟ್ಟುಕೊಂಡಿದ್ದೀರಾ? ಗುಜರಿಗೆ ಹಾಕಿ" ಎಂದರು. ಹಳೆಯ ಕಾರನ್ನು ಇಟ್ಟುಕೊಳ್ಳುವುದು ಅಗ್ಗವೆಂದು ನಾನು ವಾದಿಸುವುದಿಲ್ಲ. ಹದಿನೈದು ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿಯನ್ನು ನವೀಕರಿಸಲು 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್ 1ರಿಂದ 5,000 ಆಯಿತು. ಇಪ್ಪತ್ತು ದಾಟಿದವಕ್ಕೆ 2025ರಲ್ಲಿ 10,000 ಆಯಿತು. ಸರ್ಕಾರದ ಇಂಗಿತ ನನಗೆ ಅರ್ಥವಾಗದೆ ಇಲ್ಲ. ಆದರೆ ಒಂದು ಕಾಯಿಲೆಯ ಹೆಸರು ತಿಳಿಯಲಿಲ್ಲವೆಂದ ಮಾತ್ರಕ್ಕೆ ರೋಗಿಯನ್ನು ಸ್ಮಶಾನಕ್ಕೆ ಸಾಗಿಸಿರೆನ್ನುವುದು ಯಾವ ವೈದ್ಯ?

ಇನ್ನು ಗ್ಯಾರೇಜು. ಪೇಟೆಯದು, ದೊಡ್ಡದು, ಕಾಯುವವರಿಗೆ ಗಾಜಿನ ಕೋಣೆಯುಳ್ಳದ್ದು. ಹೆಸರು, ಊರು ಬೇಡ. ಇಂಥವು ಎಲ್ಲ ಊರುಗಳಲ್ಲಿಯೂ ಇವೆ. ಮೊದಲ ಭೇಟಿಯಲ್ಲಿ ರೇಡಿಯೇಟರಿನ ಮುಚ್ಚಳ ಮತ್ತು ಬಾಟಲಿಗೆ ಹೋಗುವ ಸಣ್ಣ ಕೊಳವೆ ಬದಲಾದವು. ಅದು ತಪ್ಪಲ್ಲ, ಮುಚ್ಚಳವೇ ಮೊದಲ ಸಂಶಯಕ್ಕೆ ಪಾತ್ರ. ಎರಡನೆಯ ಭೇಟಿಯಲ್ಲಿ ರೇಡಿಯೇಟರೇ ಬದಲಾಯಿತು. ಮೂರನೆಯದರಲ್ಲಿ ವಾಟರ್ ಪಂಪು. ಜೊತೆಗೆ ಥರ್ಮೋಸ್ಟಾಟನ್ನು ಕಿತ್ತು ನನ್ನ ಕೈಗಿತ್ತು, "ಇದು ಚಳಿ ದೇಶದವರಿಗೆ ಸಾರ್, ನಮ್ಮ ಬಿಸಿಲಿಗೆ ಬೇಡ" ಎಂದರು. ನಾಲ್ಕನೆಯ ಭೇಟಿಯಲ್ಲಿ ತೀರ್ಪು ಹೊರಬಿದ್ದಿತು: "ಹೊರಗೆ ಎಲ್ಲೂ ಲೀಕಿಲ್ಲ. ಅಂದಮೇಲೆ ಒಳಗೇ. ಹೆಡ್ ಗ್ಯಾಸ್ಕೆಟ್ ಹೋಗಿದೆ. ಹದಿನಾಲ್ಕು ಸಾವಿರ ಆಗುತ್ತದೆ." ಅದುವರೆಗೆ ನಾನು ತೆತ್ತದ್ದು 6,800 ರೂಪಾಯಿ. ನಾಲ್ಕು ಭೇಟಿಗಳಲ್ಲಿ ಒಮ್ಮೆಯಾದರೂ ಒಂದು ಪರೀಕ್ಷೆ ನಡೆಯಲಿಲ್ಲ. ಬದಲಾವಣೆಗಳು ಮಾತ್ರ ನಡೆದವು.

ನನ್ನ ಆಕ್ಷೇಪವೆಲ್ಲ ಇರುವುದು ಆ ತೀರ್ಪಿನ "ಅಂದಮೇಲೆ" ಎಂಬ ಒಂದು ಪದದಲ್ಲಿ. ನನ್ನೊಡನೆ ಕೆಲಸ ಮಾಡಿದ ಸಂಸ್ಕೃತ ಪಂಡಿತರನ್ನು ಹಳಬರು ಮರೆತಿರಲಾರಿರಿ. ಮಧ್ಯಾಹ್ನದ ಬಿಡುವಿನಲ್ಲಿ ಅವರು ನನಗೆ ಅನುಪಲಬ್ಧಿ ಎಂಬ ಪ್ರಮಾಣವನ್ನು ವಿವರಿಸಿದ್ದರು. ಕಾಣದಿರುವುದೂ ಒಂದು ಜ್ಞಾನಸಾಧನ ಎಂದು ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಒಪ್ಪುತ್ತಾರೆ. ಆದರೆ ಒಂದು ಷರತ್ತಿನೊಡನೆ. ಆ ವಸ್ತು ಅಲ್ಲಿದ್ದಿದ್ದರೆ ಕಾಣಲೇಬೇಕಾಗಿತ್ತು ಎಂಬ ಸ್ಥಿತಿಯಿರಬೇಕು. ಬೆಳಕಿನಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆಯಿಲ್ಲ. ಕತ್ತಲ ಕೋಣೆಯಲ್ಲಿ ಕಾಣದಿದ್ದರೆ ಏನೂ ಸಿದ್ಧವಾಗುವುದಿಲ್ಲ. ಹಗಲು ಹನ್ನೆರಡು ಗಂಟೆಗೆ, ಬಿಸಿಯಾದ ಎಂಜಿನ್ನಿನ ಮೇಲೆ, ಬರಿಗಣ್ಣಿನಿಂದ ಸೋರಿಕೆಯನ್ನು ಹುಡುಕುವುದು ಕತ್ತಲಲ್ಲಿ ಗಡಿಗೆ ಹುಡುಕಿದಂತೆಯೇ. ಅಲ್ಲಿ ಬಿದ್ದ ಹನಿ ಬಿದ್ದಲ್ಲಿಯೇ ಆವಿಯಾಗುತ್ತದೆ. "ನಮಗೆ ಕಾಣಲಿಲ್ಲ" ಎಂಬುದರಿಂದ "ಹೊರಗಿಲ್ಲ" ಎಂಬುದಕ್ಕೂ, ಅಲ್ಲಿಂದ "ಹದಿನಾಲ್ಕು ಸಾವಿರ" ಎಂಬುದಕ್ಕೂ ಹಾರುವ ಈ ತರ್ಕವನ್ನು ಪಂಡಿತರು ಕೇಳಿದ್ದರೆ ನಶ್ಯದ ಡಬ್ಬಿಯನ್ನು ಮುಚ್ಚಿಬಿಡುತ್ತಿದ್ದರು.

ಹೆಡ್ ಗ್ಯಾಸ್ಕೆಟ್ ಹೋಗುವುದೇ ಇಲ್ಲವೆಂದು ನನ್ನ ವಾದವಲ್ಲ. ಹೋಗುತ್ತದೆ, ಹೋದಾಗ ಸಾಕ್ಷಿಗಳನ್ನು ಬಿಟ್ಟುಹೋಗುತ್ತದೆ. ಎಂಜಿನ್ ಆಯಿಲಿಗೆ ನೀರು ಬೆರೆತು ಅದು ಕಡೆದ ಬೆಣ್ಣೆಯ ಬಣ್ಣಕ್ಕೆ ತಿರುಗುತ್ತದೆ. ಒಂದು ಸಿಲಿಂಡರಿನ ಸ್ಪಾರ್ಕ್ ಪ್ಲಗ್ ಮಾತ್ರ ತೊಳೆದಂತೆ ಹೊಳೆಯುತ್ತದೆ. ಹಿಂದಿನ ಕೊಳವೆಯಿಂದ ಬಿಳಿಯ ಹೊಗೆ, ಬಿಸಿಯಾದ ಮೇಲೂ ನಿಲ್ಲದೆ, ಸಿಹಿ ವಾಸನೆಯೊಡನೆ ಬರುತ್ತದೆ. ದಹನದ ಅನಿಲ ನೀರಿಗೆ ನುಗ್ಗಿ ಗುಳ್ಳೆಗಳೇಳುತ್ತವೆ. ಆ ಗುಳ್ಳೆಗಳಲ್ಲಿ ಇಂಗಾಲದ ಡೈ ಆಕ್ಸೈಡ್ ಇದೆಯೇ ಎಂದು ನೋಡಲು ನೀಲಿಯಿಂದ ಹಳದಿಗೆ ತಿರುಗುವ ಒಂದು ದ್ರಾವಣವೇ ಇದೆ. ಆ ಗಾಜಿನ ಕೋಣೆಯ ಗ್ಯಾರೇಜಿನಲ್ಲಿ ಅದು ಇರಲಿಲ್ಲ. ನಾನು ಮನೆಗೆ ಬಂದು ತಾಂಬೂಲದ ಸುಣ್ಣವನ್ನು ನೀರಿನಲ್ಲಿ ಕದಡಿ, ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ತಿಳಿಯನ್ನು ಬಸಿದುಕೊಂಡೆ. ಏಳನೆಯ ತರಗತಿಯಲ್ಲಿ ನೀವೆಲ್ಲ ಉಸಿರೂದಿ ಹಾಲಾಗಿಸಿದ ಅದೇ ಸುಣ್ಣದ ತಿಳಿ. ಬಾಟಲಿಗೆ ಹೋಗುವ ಸಣ್ಣ ಕೊಳವೆಯ ತುದಿಯನ್ನು ಅದರಲ್ಲಿ ಅದ್ದಿ ಎಂಜಿನ್ ಓಡಿಸಿದೆ. ಒಂದೆರಡು ಗುಳ್ಳೆ ಬಂದವು. ತಿಳಿ ತಿಳಿಯಾಗಿಯೇ ಉಳಿಯಿತು. ಇದೊಂದರಿಂದಲೇ ನಿರ್ಣಯವಾಗದೆಂಬುದನ್ನು ಬಲ್ಲೆ. ಆದರೆ ಆಯಿಲು ಶುದ್ಧ, ಪ್ಲಗ್ಗು ಮೂರೂ ಒಂದೇ ಕಂದು, ಹೊಗೆಯಿಲ್ಲ, ತಿಳಿ ಕದಡಲಿಲ್ಲ. ನಾಲ್ಕು ಸಾಕ್ಷಿಗಳು ಒಂದೇ ಮಾತು ನುಡಿದ ಮೇಲೆ ಆರೋಪಿಯನ್ನು ಬಿಡಬೇಕಲ್ಲವೇ?

ಇಲ್ಲಿಂದ ಮುಂದೆ ನನ್ನ ಪ್ರಯಾಸವಿಲ್ಲ. ಮುರುಗಮಲ್ಲದಲ್ಲಿಯೇ, ದರ್ಗಾಕ್ಕೆ ಬರುವ ವಾಹನಗಳಿಗೂ ಸುತ್ತಲಿನ ಟ್ರ್ಯಾಕ್ಟರುಗಳಿಗೂ ರಿಪೇರಿ ಮಾಡುವ ಒಬ್ಬನ ತಗಡಿನ ಷೆಡ್ಡಿದೆ. ಅವನು ನನ್ನ ವಿದ್ಯಾರ್ಥಿ. ಹೆಸರು ಬರೆಯಬೇಡಿರೆಂದು ಕೇಳಿಕೊಂಡಿದ್ದಾನೆ. ವಿಜ್ಞಾನದಲ್ಲಿ ಅವನಿಗೆ ನಾನು ಕೊಟ್ಟಿದ್ದ ಅಂಕ ನೂರಕ್ಕೆ ಇಪ್ಪತ್ತೆರಡು. ಆ ಕಾರಣದಿಂದಲೇ, ನಿಜ ಹೇಳಬೇಕಲ್ಲ, ಮನೆಯಿಂದ ನೂರು ಮಾರು ದೂರದಲ್ಲಿದ್ದ ಅವನನ್ನು ಬಿಟ್ಟು ನಾನು ಪೇಟೆಗೆ ಹೋಗಿದ್ದೆ. ಪುಷ್ಯದ ಒಂದು ಸಂಜೆ ಅವನೇ ದಾರಿಯಲ್ಲಿ ನಿಲ್ಲಿಸಿ ಕೇಳಿದ: "ಬಾಟಲಿ ತುಂಬಿದೆ ಸರಿ ಸಾರ್. ಬೆಳಗ್ಗೆ, ಗಾಡಿ ತಣ್ಣಗಿದ್ದಾಗ, ರೇಡಿಯೇಟರ್ ಮುಚ್ಚಳ ತೆಗೆದು ನೋಡಿದ್ದೀರಾ?"

ನೋಡಿರಲಿಲ್ಲ. ಗ್ಯಾರೇಜಿನವರೂ ನೋಡಿರಲಿಲ್ಲ, ಅಲ್ಲಿಗೆ ಹೋಗುವ ಹೊತ್ತಿಗೆ ಎಂಜಿನ್ ಬಿಸಿಯಾಗಿರುತ್ತಿತ್ತು. ಬಿಸಿಯಾದ ಎಂಜಿನ್ನಿನ ಮುಚ್ಚಳವನ್ನು ತೆರೆಯಬಾರದೆಂಬುದು ಸರಿಯೇ. ಆ ಮುಚ್ಚಳದ ಮೇಲೆ 0.9 ಎಂದು ಬರೆದಿರುತ್ತದೆ. ಸಮುದ್ರಮಟ್ಟದಿಂದ ಸುಮಾರು 865 ಮೀಟರ್ ಎತ್ತರದಲ್ಲಿರುವ ಚಿಂತಾಮಣಿಯಲ್ಲಿ ನೀರು ನೂರಕ್ಕೆ ಅಲ್ಲ, 97 ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿಯುತ್ತದೆ. ಮುಚ್ಚಳ ಅಷ್ಟು ಒತ್ತಡವನ್ನು ಹಿಡಿದಿಟ್ಟರೆ ಅದೇ ನೀರು 116 ಡಿಗ್ರಿಯವರೆಗೂ ಕುದಿಯದೆ ಇರಬಲ್ಲದು. ಬಿಸಿಯಲ್ಲಿ ತೆರೆದರೆ ಒತ್ತಡ ಇಳಿದು ಆ ನೀರೆಲ್ಲ ಒಮ್ಮೆಲೇ ಕುದಿದು ಮುಖಕ್ಕೆ ಎರಚುತ್ತದೆ. ಉರುಸಿನ ದಿನಗಳಲ್ಲಿ ನಮ್ಮ ರಸ್ತೆಬದಿಯಲ್ಲಿ ಇಂಥದನ್ನು ಕಣ್ಣಾರೆ ಕಂಡಿದ್ದೇನೆ. ಕ್ಲೀನರ್ ಹುಡುಗನೊಬ್ಬನ ಎದೆ, ಕುತ್ತಿಗೆ ಬೆಂದುಹೋಗಿದ್ದವು.

ಮರುದಿನ ಬೆಳಗ್ಗೆ ತೆರೆದು ನೋಡಿದೆ. ಬಾಟಲಿ ತುಂಬಿತ್ತು. ರೇಡಿಯೇಟರಿನ ಕತ್ತಿನಲ್ಲಿ ನೀರಿರಲಿಲ್ಲ. ಬೆರಳು ಇಳಿಸಿದರೂ ತಾಗಲಿಲ್ಲ.

ಅವನಿಗೆ ಇಷ್ಟೇ ಬೇಕಾಗಿತ್ತು. ಕಾಯ್ದಾಗ ನೀರು ಹಿಗ್ಗಿ, ಮುಚ್ಚಳವನ್ನು ಎತ್ತಿ, ಬಾಟಲಿಗೆ ಹೋಗುತ್ತದೆ. ಆರಿದಾಗ ಕುಗ್ಗಿ, ಒಳಗೆ ಉಂಟಾಗುವ ನಿರ್ವಾತದಿಂದ ಬಾಟಲಿಯ ನೀರನ್ನು ಮರಳಿ ಎಳೆದುಕೊಳ್ಳುತ್ತದೆ. ಆದರೆ ಎಲ್ಲಿಯಾದರೂ ಒಂದು ಸಂದಿಯಿದ್ದರೆ, ಬಾಟಲಿಯಿಂದ ನೀರೆಳೆಯುವ ಬದಲು ಆ ಸಂದಿಯಿಂದ ಗಾಳಿಯನ್ನು ಎಳೆದುಕೊಳ್ಳುತ್ತದೆ. ಗಾಳಿಯೆಳೆಯುವುದು ಅದಕ್ಕೆ ಸುಲಭ. ಬಾಟಲಿ ತುಂಬಿಯೇ ಇರುತ್ತದೆ, ಒಡಲು ಬರಿದಾಗುತ್ತದೆ. ಮುಚ್ಚಳವೂ ಕೊಳವೆಯೂ ಹೊಸವು. ಆದ್ದರಿಂದ ಸಂದಿ ಬೇರೆಡೆ ಇದೆ. ಅದು ತಣ್ಣಗಿದ್ದಾಗ ಮಾತ್ರ ಬಾಯ್ದೆರೆಯುವಂಥದು. "ಎಲ್ಲಿ ಲೀಕು ಅಂತ ಎಲ್ಲರೂ ಹುಡುಕಿದ್ದಾರೆ ಸಾರ್, ಯಾವಾಗ ಲೀಕು ಅಂತ ಯಾರೂ ಕೇಳಿಲ್ಲ" ಎಂದ. ಕಾರನ್ನು ರಾತ್ರಿ ಅವನ ಷೆಡ್ಡಿನಲ್ಲಿಯೇ ಬಿಟ್ಟು ಬರಲು ಹೇಳಿದ.

ಬೆಳಗಿನ ಐದೂವರೆ. ಮುಕ್ತೀಶ್ವರನ ಗುಡ್ಡದ ಕಡೆಯಿಂದ ಬೀಸುವ ಚಳಿಗಾಳಿ ಹೇಗಿರುತ್ತದೆಂದು ನಮ್ಮೂರಿನವರಿಗೆ ಹೇಳಬೇಕಾಗಿಲ್ಲ. ಅವನಲ್ಲಿ ಒಂದು ಕೈಪಂಪು ಇತ್ತು, ಸೈಕಲ್ ಪಂಪಿನಂಥದು, ಒತ್ತಡ ತೋರುವ ಮುಳ್ಳಿನೊಡನೆ. ರೇಡಿಯೇಟರನ್ನು ತುಂಬಿಸಿ, ಮುಚ್ಚಳದ ಜಾಗಕ್ಕೆ ಅದನ್ನು ಕೂರಿಸಿ 0.9ರವರೆಗೆ ಒತ್ತಿದ. ಮುಳ್ಳು ಒಂದು ಕ್ಷಣ ನಿಂತು, ನಿಧಾನವಾಗಿ ಇಳಿಯತೊಡಗಿತು. ಹಿಂದಿನ ದಿನ ಮಧ್ಯಾಹ್ನ ಬಿಸಿಯಿದ್ದಾಗಿನ ಪರೀಕ್ಷೆಯಲ್ಲಿ ಅದೇ ಮುಳ್ಳು ಹತ್ತು ನಿಮಿಷ ಅಲುಗದೆ ನಿಂತಿತ್ತು. ಆದರೂ ಕಣ್ಣಿಗೆ ಹನಿ ಕಾಣದು, ಕತ್ತಲು ಬೇರೆ. ಆಗ ಅವನು ನನ್ನ ಕಡೆ ತಿರುಗಿ, "ಮನೇಲಿ ಸೀಮೆಸುಣ್ಣ ಇದೆಯಾ ಸಾರ್?" ಎಂದ.

ನಿವೃತ್ತ ಮೇಷ್ಟ್ರ ಮನೆಯಲ್ಲಿ ಸೀಮೆಸುಣ್ಣ ಇಲ್ಲದಿರುವುದುಂಟೆ! ನಾಲ್ಕು ಬಳಪಗಳನ್ನು ಜಜ್ಜಿ ಪುಡಿ ಮಾಡಿದೆವು. (ಹೆಸರಿಗೆ ಸುಣ್ಣವೇ ಹೊರತು ಶಾಲೆಯ ಸೀಮೆಸುಣ್ಣ ಹೆಚ್ಚಾಗಿ ಜಿಪ್ಸಮ್ಮಿನದು ಎಂದು ನಾನು ಅಲ್ಲಿಯೂ ಪಾಠ ಹೇಳಿದೆನಂತೆ. ಅವನು ಇದನ್ನು ಊರಿಗೆಲ್ಲ ಸಾರಿದ್ದಾನೆ.) ಒಣ ಬಟ್ಟೆಯಿಂದ ಒರೆಸಿದ ಪ್ರತಿಯೊಂದು ಜೋಡಣೆಯ ಮೇಲೂ ಪುಡಿಯನ್ನು ಊದಿ, ಮತ್ತೆ ಒತ್ತಡ ಕೊಟ್ಟ. ಟಾರ್ಚು ಹಿಡಿದು ನಿಂತಿದ್ದೆ. ನಾಲ್ಕೈದು ನಿಮಿಷಗಳಾಗಿರಬೇಕು. ಮೇಲಿನ ದಪ್ಪ ರಬ್ಬರ್ ಕೊಳವೆ ಎಂಜಿನ್ನಿನ ಕೊರಳನ್ನು ಸೇರುವ ಕಡೆ, ತಳಭಾಗದಲ್ಲಿ, ಬಿಳಿಯ ಪುಡಿಯ ಮೇಲೆ ಒಂದು ಬೂದುಗೆರೆ ಮೂಡಿತು. ನಿಧಾನವಾಗಿ ಉದ್ದವಾಯಿತು. ಕಪ್ಪುಹಲಗೆಯ ಮೇಲೆ ಮೂವತ್ತು ವರ್ಷ ಬರೆದ ಬಳಪ ನನಗೆ ಅಂದು ಬರೆದು ತೋರಿಸಿತೆನ್ನಬೇಕು.

ಕೊಳವೆಯನ್ನು ಕಳಚಿದಾಗ ಒಳಗಿನ ಅಲ್ಯೂಮಿನಿಯಮ್ ಕೊರಳು ಗೆದ್ದಲು ತಿಂದ ತೊಲೆಯಂತಿತ್ತು. ಗುಳಿಗಳು, ಗುಳಿಗಳ ಮೇಲೆ ಬಿಳಿಯ ಹಕ್ಕಳೆ. ಬಿಸಿಯಾದಾಗ ಲೋಹ ಹಿಗ್ಗಿ, ರಬ್ಬರು ಮೆದುವಾಗಿ ಗುಳಿಗಳನ್ನು ಮುಚ್ಚುತ್ತಿತ್ತು. ಚಳಿಯಲ್ಲಿ ರಬ್ಬರು ಬಿರುಸಾಗಿ ಸಂದಿ ತೆರೆಯುತ್ತಿತ್ತು. ಬೆಳಗ್ಗೆ ಎಂಜಿನ್ ಓಡಿಸಿದೊಡನೆ ಕೆಲವು ಹನಿಗಳು ಹೊರಬಂದು ಕೆಳಗಿನ ಲೋಹದ ಮೇಲೆ ಬಿದ್ದು, ಎಂಜಿನ್ ಕಾಯುತ್ತಿದ್ದಂತೆ ಅಲ್ಲಿಯೇ ಆರಿಹೋಗುತ್ತಿದ್ದವು. ರಾತ್ರಿ ತಣಿಯುವಾಗ ಅದೇ ದಾರಿಯಲ್ಲಿ ಗಾಳಿ ಒಳಹೋಗುತ್ತಿತ್ತು. ಥರ್ಮೋಸ್ಟಾಟನ್ನು ಕಿತ್ತುದರಿಂದ ಕೇಡು ಹೆಚ್ಚಾಯಿತು. ಅದರೊಳಗಿನ ಮೇಣ ಸುಮಾರು 82 ಡಿಗ್ರಿಗೆ ಕರಗಿ ಹಿಗ್ಗಿ ದಾರಿ ಬಿಡುವವರೆಗೆ ನೀರು ಎಂಜಿನ್ನಿನಲ್ಲಿಯೇ ಸುತ್ತಿ ಬೇಗ ಕಾಯುತ್ತದೆ. ಅದಿಲ್ಲದಿದ್ದರೆ ಚಳಿಗಾಲದ ಬೆಳಗಿನಲ್ಲಿ ಎಂಜಿನ್ ಬಹುಹೊತ್ತು ತಣ್ಣಗೇ ಓಡುತ್ತದೆ. ನನ್ನ ಕೊಳವೆ ಅಷ್ಟು ಹೊತ್ತೂ ಸೋರುತ್ತಿತ್ತು. ಪೆಟ್ರೋಲೂ ಹೆಚ್ಚು ಸುಡುತ್ತಿತ್ತು. "ನಮ್ಮ ಬಿಸಿಲಿಗೆ ಬೇಡ" ಎನ್ನುವವರು ಎಂಜಿನ್ನಿಗೂ ಮಾಘದ ಬೆಳಗು ಉಂಟೆಂಬುದನ್ನು ನೆನೆಯಬೇಡವೇ?

ಈಗ ಕೊರಳನ್ನು ತಿಂದವರು ಯಾರು ಎಂಬ ಪ್ರಶ್ನೆ. ಉತ್ತರ: ನಾನು.

ನಮ್ಮದು ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಜಿಲ್ಲೆ. ಸಾವಿರ ಅಡಿಗೂ ಕೆಳಗಿನಿಂದ ಎಳೆದ ನೀರು ನಮ್ಮದು. ಅದರ ಫ್ಲೋರೈಡಿನ ಮಾತನ್ನು ಎಲ್ಲರೂ ಆಡುತ್ತಾರೆ. ಹಲ್ಲಿಗೂ ಮೂಳೆಗೂ ಅದು ಮಾಡುವ ಹಾನಿ ದೊಡ್ಡದೇ. ಆದರೆ ಎಂಜಿನ್ನಿಗೆ ವೈರಿ ಅದೇ ನೀರಿನ ಗಡಸುತನ. ಕರಗಿದ ಕ್ಯಾಲ್ಸಿಯಂ ಬೈಕಾರ್ಬೊನೇಟು ಕಾಯಿಸಿದಾಗ ಒಡೆದು ಕ್ಯಾಲ್ಸಿಯಂ ಕಾರ್ಬೊನೇಟಾಗಿ ಗೋಡೆಗಂಟುತ್ತದೆ. ತಾತ್ಕಾಲಿಕ ಗಡಸುತನ ಎಂಬ ಶೀರ್ಷಿಕೆಯಡಿ ಇದನ್ನು ನಾನು ಎಷ್ಟು ವರ್ಷ ಬರೆಸಿದ್ದೇನೋ! ಬಚ್ಚಲ ಹಂಡೆಯ ತಳದಲ್ಲಿನ ಬಿಳಿಯ ಪದರವನ್ನೇ ಉದಾಹರಣೆಯಾಗಿ ಕೊಡುತ್ತಿದ್ದೆ. ಗಡಸುತನದ ಜೊತೆಗಿರುವ ಕ್ಲೋರೈಡು ಲವಣಗಳು ಅಲ್ಯೂಮಿನಿಯಮ್ಮಿನಲ್ಲಿ ಗುಳಿ ತೋಡುತ್ತವೆ. ಹೀಗೆ ಬರೆಸಿದವನೇ ಮನೆಗೆ ಬಂದು, ಅದೇ ಕೊಳವೆಬಾವಿಯ ನೀರನ್ನು ತಂಬಿಗೆಯಲ್ಲಿ ತಂದು, ಇಪ್ಪತ್ತೈದು ವರ್ಷ ರೇಡಿಯೇಟರಿಗೆ ಸುರಿದೆ. ಕೂಲಂಟ್ ಎಂಬುದು ಹಣ ಕೀಳುವ ಬಣ್ಣದ ನೀರು ಎಂದು ನಿಮ್ಮಲ್ಲಿ ಕೆಲವರ ಮುಂದೆ ಹೇಳಿಯೂ ಇದ್ದೆ. ಆ ಮಾತನ್ನು ಇಂದು ಹಿಂದೆಗೆದುಕೊಳ್ಳುತ್ತೇನೆ. ಹಿಮಗಟ್ಟದಂತೆ ತಡೆಯುವ ಗುಣ ನಮಗೆ ಬೇಡದಿರಬಹುದು. ಅದರಲ್ಲಿ ಬೆರೆಸಿರುವ, ಲೋಹವನ್ನು ಸವೆತದಿಂದ ಕಾಯುವ ರಾಸಾಯನಿಕಗಳು ನಮಗೇ ಹೆಚ್ಚು ಬೇಕು. ಕುದಿಬಿಂದುವನ್ನೂ ಅದು ಏರಿಸುತ್ತದೆ. ಬೆರೆಸುವುದಾದರೆ ಬ್ಯಾಟರಿಗೆ ಹಾಕುವ ಬಟ್ಟಿಯಿಳಿಸಿದ ನೀರನ್ನು ಬೆರೆಸಿ.

ಆದ್ದರಿಂದ ಗ್ಯಾರೇಜುಗಳನ್ನು ಮಾತ್ರ ಬಯ್ದು ನಾನು ತಪ್ಪಿಸಿಕೊಳ್ಳುವಂತಿಲ್ಲ. ಆದರೆ ಬಯ್ಯದೆಯೂ ಇರಲಾರೆ. ಆ ಕೈಪಂಪಿನ ಬೆಲೆ ಕೆಲವೇ ಸಾವಿರ ರೂಪಾಯಿ. ಒಂದು ರೇಡಿಯೇಟರನ್ನು ಅನವಶ್ಯಕವಾಗಿ ಬದಲಿಸಿ ಗಳಿಸುವ ಲಾಭದಿಂದ ಅದನ್ನು ಕೊಳ್ಳಬಹುದು. ಕೊಳ್ಳುವುದಿಲ್ಲ, ಏಕೆಂದರೆ ಪರೀಕ್ಷೆಗೆ ಹಣ ಕೊಡುವವರಿಲ್ಲ. "ಏನೂ ಬದಲಾಯಿಸಲಿಲ್ಲ, ನೋಡಿದೆವು ಅಷ್ಟೆ, ಐನೂರು ಕೊಡಿ" ಎಂದರೆ ನಾವೇ ಜಗಳಕ್ಕೆ ನಿಲ್ಲುತ್ತೇವೆ. ಹಳೆಯ ಪಂಪನ್ನು ಕಾಗದದಲ್ಲಿ ಸುತ್ತಿ ಕೈಗಿತ್ತರೆ 2,600 ರೂಪಾಯಿಗಳನ್ನು ಮರುಮಾತಿಲ್ಲದೆ ಎಣಿಸುತ್ತೇವೆ. ನಾನು ಎಣಿಸಿದೆ. ನನ್ನ ಹಳೆಯ ಪಂಪು ಈಗ ಕಪಾಟಿನ ಮೇಲಿದೆ. ಅದರ ತಳದಲ್ಲಿ ಒಂದು ಸಣ್ಣ ರಂಧ್ರವಿದೆ. ಒಳಗಿನ ಸೀಲು ಸವೆದರೆ ನೀರು ಅಲ್ಲಿಂದ ಇಳಿದು ಸುಳಿವು ಕೊಡಲೆಂದೇ ತಯಾರಕರು ಬಿಟ್ಟ ರಂಧ್ರ. ಅದರ ಸುತ್ತ ಒಂದು ಕಲೆಯೂ ಇಲ್ಲ. ಬಿಚ್ಚುವ ಮೊದಲು ಟಾರ್ಚು ಹಿಡಿದು ಅದನ್ನು ನೋಡಲು ಎಷ್ಟು ಹೊತ್ತು ಬೇಕಾಗಿತ್ತು?

ಗ್ಯಾರೇಜು ನಡೆಸುವ ಶಿಷ್ಯರು "ಗಿರಾಕಿಗೆ ಪುರಸೊತ್ತಿಲ್ಲ ಸಾರ್, ಸಂಜೆಗೇ ಗಾಡಿ ಬೇಕು ಅಂತಾರೆ" ಎನ್ನುವಿರೆಂದು ಬಲ್ಲೆ. ಆ ಮಾತಿನಲ್ಲಿ ಸತ್ಯವಿದೆ. ಚಳಿಯಲ್ಲಿ ಸೋರುವುದನ್ನು ಹಿಡಿಯಬೇಕಾದರೆ ಗಾಡಿ ಒಂದು ರಾತ್ರಿ ನಿಲ್ಲಲೇಬೇಕು. ಹಾಗೆಂದು ಗಿರಾಕಿಗೆ ಮೊದಲೇ ಹೇಳಿ. ಒಪ್ಪದಿದ್ದರೆ ಬಿಡಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆನ್ನುವ ಬದಲು ಹೆಡ್ ಗ್ಯಾಸ್ಕೆಟ್ಟೆಂಬ ಬ್ರಹ್ಮರಾಕ್ಷಸನನ್ನು ಕರೆದು ಎದುರಿಗೆ ನಿಲ್ಲಿಸಬೇಡಿ. ಅಲ್ಯೂಮಿನಿಯಮ್ಮಿನ ಹೆಡ್ಡನ್ನು ಕಾರಣವಿಲ್ಲದೆ ಬಿಚ್ಚುವುದು ಚೆನ್ನಾಗಿರುವ ಹೊಟ್ಟೆಯನ್ನು ಸೀಳಿ ನೋಡಿದಂತೆ. ಇನ್ನೊಂದು ಮಾತು: ಇಳಿಸಿದ ಹಳೆಯ ಕೂಲಂಟನ್ನು ಚರಂಡಿಗೆ ಬಿಡಬೇಡಿ. ಅದರ ಗ್ಲೈಕಾಲ್ ಸಿಹಿ. ನಾಯಿಗಳು ನೆಕ್ಕುತ್ತವೆ, ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಮಗುವಿನ ಕೈಗೆ ಸಿಕ್ಕರೂ ಅದೇ ಗತಿ. ತಗಡಿನ ಷೆಡ್ಡಿನವನು ಅದನ್ನು ಡಬ್ಬಿಯಲ್ಲಿ ಹಿಡಿದು ಮುಚ್ಚಳ ಹಾಕಿಟ್ಟ. ಗಾಜಿನ ಕೋಣೆಯವರು ಮೋರಿಗೆ ಬಿಟ್ಟಿದ್ದರು.

ಕೊರಳನ್ನು ನಯವಾಗಿ ಅರೆದು, ಹೊಸ ಕೊಳವೆ, ಹೊಸ ಕ್ಲಾಂಪು ಹಾಕಿ, ಅರಿಶಿನವನ್ನೆಲ್ಲ ತೊಳೆದು, ಥರ್ಮೋಸ್ಟಾಟನ್ನು ಅದರ ಸ್ಥಾನಕ್ಕೆ ಮರಳಿಸಿ ಅವನು ಕೇಳಿದ್ದು 430 ರೂಪಾಯಿ. ಅದರಲ್ಲಿ ಪರೀಕ್ಷೆಯ ಬಾಬ್ತು ಇರಲಿಲ್ಲ. ಒಂದು ಸಾವಿರ ಕೊಟ್ಟೆ. ಉಳಿದದ್ದನ್ನು ಹಿಂದಿರುಗಿಸಲು ಬಂದ. ನೋಡಿದ್ದಕ್ಕೆ ಎಂದು ಹೇಳಿ ಕಳುಹಿಸಿದೆ. ಕೂಲಂಟಿನ ಡಬ್ಬಿಯನ್ನು ನಾನೇ ಕೊಂಡು ತಂದಿದ್ದೆ.

ಅಲ್ಲಿಂದೀಚೆಗೆ ಕೋಲಾರಕ್ಕೆ ಮೂರು ಬಾರಿ ಹೋಗಿ ಬಂದಿದ್ದೇವೆ. ಬಾಟಲಿಯ ಮೇಲೆ ದಿನಾಂಕ ಬರೆದು ಗೆರೆ ಎಳೆದಿಟ್ಟಿದ್ದೇನೆ; ಬೆಳಗ್ಗೆ ಕಾಫಿಗೆ ಮೊದಲು ಮುಚ್ಚಳ ತೆಗೆದು ನೋಡುವುದು ಅಭ್ಯಾಸವಾಗಿದೆ. ಹುಣಸೆಮರ ಬಂದಾಗ ನನ್ನ ಪತ್ನಿ ಈಗಲೂ ಮುಳ್ಳಿನ ಕಡೆಗೊಮ್ಮೆ ನೋಡುತ್ತಾಳೆ.